ಎದೆಯ ವ್ಯಾಯಾಮಕ್ಕೆ ಕಾವಲು ಯಾರು?

ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಬಂದವರನ್ನು ನೋಡಲು ಬರುವ ನೆಂಟರ ಮೊದಲ ಮಾತು, "ಏಳ್ಬೇಡಿ, ಸುಮ್ನೆ ಮಲಗಿರಿ." ನಗಬೇಡಿ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೂ ಇದನ್ನೇ ಹೇಳುತ್ತಿದ್ದರು. ಈಗ ಜಗಳ ಬೇರೆ ಕಡೆ ಸಾಗಿದೆ. ಉಸಿರು ತುಸು ಜೋರಾಗುವಂತೆ ನಡೆಯಬೇಕು, ಸೈಕಲ್ ತುಳಿಯಬೇಕು ಎನ್ನುವುದು ಎಲ್ಲರಿಗೂ ಒಪ್ಪಿಗೆ. ಆದರೆ ಎಲ್ಲಿ? ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಎದುರಿಗೋ, ಮನೆಯಲ್ಲಿ ಫೋನ್ ಇಟ್ಟುಕೊಂಡೋ?

ದಿನಾ ಅರ್ಧ ಗಂಟೆ ಗರಗಸದಿಂದ ಮರ ಕೊಯ್ದ ಒಬ್ಬನ ಎದೆನೋವು ಹೆಚ್ಚುಕಡಿಮೆ ವಾಸಿಯಾಯಿತು ಎಂದು 18ನೇ ಶತಮಾನದ ಲಂಡನ್ ವೈದ್ಯ ವಿಲಿಯಂ ಹೆಬರ್ಡನ್ ಬರೆದಿಟ್ಟಿದ್ದ. ಅದನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಪೆಟ್ಟಾದ ಹೃದಯದ ಗಾಯ ಮಾಯಲು ಸುಮಾರು 6 ವಾರ ಬೇಕು, ಅಲ್ಲಿಯವರೆಗೆ ಮಂಚ ಬಿಡುವಂತಿಲ್ಲ ಎಂಬುದು 20ನೇ ಶತಮಾನದ ನಡುವಿನವರೆಗಿನ ನಿಯಮ. ಊಟವನ್ನೂ ನರ್ಸ್ ತಿನ್ನಿಸಬೇಕು. ಹಾಗೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಎಷ್ಟೋ ಜನ ಸತ್ತರು.

1952ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿದ ಅನುಭವವನ್ನು ಪ್ರಕಟಿಸಿದರು. ಕೂರಿಸಿದ್ದಕ್ಕೇ ಆಸ್ಪತ್ರೆಯ ಕಿರಿಯ ಡಾಕ್ಟರುಗಳು ಸಿಡಿಮಿಡಿಗೊಂಡಿದ್ದರು! ಮುಂದೆ 1966ರಲ್ಲಿ ಅಮೆರಿಕದ್ದೇ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಯುವಕರನ್ನು 3 ವಾರ ಮಲಗಿಸಿ ಪರೀಕ್ಷಿಸಿದರು. ಅವರ ದೇಹದ ಕಸುವು ಕಾಲುಭಾಗಕ್ಕಿಂತ ಜಾಸ್ತಿ ಇಳಿದಿತ್ತು. 30 ವರ್ಷದ ನಂತರ ಅದೇ ಐವರನ್ನು ಮತ್ತೆ ಅಳೆದಾಗ, 30 ವರ್ಷದ ವಯಸ್ಸು ಮಾಡಿದ್ದಕ್ಕಿಂತ ಆ 3 ವಾರದ ಮಂಚವೇ ಹೆಚ್ಚು ಹಾಳು ಮಾಡಿತ್ತೆಂದು ಗೊತ್ತಾಯಿತು.

ಸರಿ, ರೋಗಿ ಎದ್ದ. ಆದರೆ ಭಯ ಹೋಗಲಿಲ್ಲ. ಎದೆಗೆ ಇಸಿಜಿ ತಂತಿ ಅಂಟಿಸಿ, ಪಕ್ಕದಲ್ಲಿ ಶಾಕ್ ಕೊಡುವ ಯಂತ್ರ ಇಟ್ಟು, ಕಣ್ಣೆದುರೇ ವ್ಯಾಯಾಮ ಮಾಡಿಸುವ ಕೇಂದ್ರಗಳು ಬಂದವು. ಅಮೆರಿಕದಲ್ಲಿ ರೂಢಿಯ ಲೆಕ್ಕ 12 ವಾರ, 36 ಸಲ. ಕೆಲಸ ಬಿಟ್ಟು, ಕಾರು ಹಿಡಿದು 36 ಸಲ ಯಾರು ಹೋಗುತ್ತಾರೆ ಹೇಳಿ?

ಅದಕ್ಕೆ ಉತ್ತರ ಮೊಬೈಲಿಗಿಂತ ಮೊದಲೇ ಹುಟ್ಟಿತ್ತು. ಹೃದಯಾಘಾತವಾದವರು ಮನೆಯಲ್ಲೇ ವ್ಯಾಯಾಮ ಮಾಡಿ, ವೈದ್ಯ ತಂಡ ದೂರದಿಂದ ವಿಚಾರಿಸಿಕೊಂಡರೆ, ಕೇಂದ್ರಕ್ಕೆ ಬಂದವರಷ್ಟೇ ಗಟ್ಟಿಯಾಗುತ್ತಾರೆ ಎಂದು 1984ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ತೋರಿಸಿದ್ದರು. 2019ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನದಲ್ಲಿ 162 ಜನರಿದ್ದರು. ಕೆಲವರು ಕೇಂದ್ರಕ್ಕೆ ಹೋದರು, ಉಳಿದವರು ಮನೆಯಲ್ಲೇ ಮಾಡಿದರು. ಮನೆಯಲ್ಲಿ ಮಾಡುವವರ ಎದೆಗೆ ಬಡಿತ ಅಳೆಯುವ ಸೆನ್ಸರ್, ಆ ಕಡೆ ಅದನ್ನು ನೋಡುತ್ತಾ ಹೇಳಿಕೊಡುವ ತರಬೇತುದಾರ. ದಮ್ಮಿನ ಲೆಕ್ಕದಲ್ಲಿ ಅವರು ಹಿಂದೆ ಬೀಳಲಿಲ್ಲ, ಖರ್ಚೂ ಕಡಿಮೆ. ತಮಾಷೆ ಏನೆಂದರೆ, ಕೇಂದ್ರಕ್ಕೆ ಹೋದವರ ಸೊಂಟ ಸಣ್ಣಗಿತ್ತು, ಮನೆಯಲ್ಲಿ ಮಾಡಿದವರು ಕೂತು ಕಳೆಯುವ ಹೊತ್ತು ಕಡಿಮೆಯಿತ್ತು.

ಇಂಥ 24 ಅಧ್ಯಯನಗಳನ್ನು, ಅಂದರೆ 3,000ಕ್ಕೂ ಹೆಚ್ಚು ಜನರ ಲೆಕ್ಕವನ್ನು, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೋಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟುಗೂಡಿಸಿ ನೋಡಿತು. ಒಂದು ವರ್ಷದೊಳಗಿನ ಸಾವು, ದೇಹದ ಕಸುವು, ಬದುಕಿನ ನೆಮ್ಮದಿ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ನನಗೊಂದು ಅಳುಕಿದೆ. ಇಂಥ ಅಧ್ಯಯನಗಳಿಗೆ ಸೇರುವವರಲ್ಲಿ ಕಡಿಮೆ ಅಪಾಯದವರೇ ಜಾಸ್ತಿ. ಹೃದಯದ ಬಡಿತ ತಾಳ ತಪ್ಪುವವರು, ನಡೆದಾಗ ಎದೆ ಹಿಡಿಯುವವರು ಶುರುವನ್ನಾದರೂ ಡಾಕ್ಟರ ಕಣ್ಣೆದುರೇ ಮಾಡುವುದು ಒಳ್ಳೆಯದು.

ನಮ್ಮ ತಾಲ್ಲೂಕು ಊರುಗಳ ಮಟ್ಟಿಗೆ ಈ ಹೋಲಿಕೆಯೇ ಅರ್ಧ ಸುಳ್ಳು, ಅಲ್ವಾ? ಇಲ್ಲಿ ಇರುವ ಆಯ್ಕೆ ಮನೆಯೋ ಕೇಂದ್ರವೋ ಅಲ್ಲ. ಮನೆಯೋ ಏನೂ ಇಲ್ಲವೋ ಎಂಬುದು. ಸ್ಮಾರ್ಟ್ ವಾಚ್ ಇದ್ದರೂ, ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಅದರ ಅಂಕಿ ದಾರಿ ತಪ್ಪಿಸಬಹುದು. ಅದಕ್ಕೇ ಡಾಕ್ಟರುಗಳು ಇನ್ನೊಂದು ಅಳತೆ ಹೇಳಿಕೊಡುತ್ತಾರೆ: ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.