ಸಣ್ಣ ಫಿಶಿಂಗ್ ಬೋಟಿಗೆ ಟ್ರೋಲಿಂಗ್ ಮೋಟಾರ್: ತೂಕದ ಲೆಕ್ಕ, ಬ್ಯಾಟರಿ ಲೆಕ್ಕ, ಆಮೇಲೆ ಮಾಡೆಲ್ಲು

ಟ್ರೋಲಿಂಗ್ ಮೋಟಾರ್ ಅಂದ್ರೆ ಮೀನು ಹಿಡಿಯುವಾಗ ದೋಣಿನ ನಿಧಾನಕ್ಕೆ ಓಡಿಸೋ ಸಣ್ಣ ಬ್ಯಾಟರಿ ಮೋಟಾರ್. ಇದರ ಬಗ್ಗೆ ಓದೋಕೆ ಕೂತ್ರೆ ಮೊದಲು ಕಣ್ಣಿಗೆ ಬೀಳೋದು ಪೌಂಡ್ ಲೆಕ್ಕ. 30 ಪೌಂಡ್, 45 ಪೌಂಡ್, 55 ಪೌಂಡ್, 80 ಪೌಂಡ್ ಅಂತ ಬರೆದಿರ್ತಾರೆ, ಹೊಸಬರು ಅದನ್ನ ಮೋಟಾರಿನ ತೂಕ ಅಂದ್ಕೊಳ್ತಾರೆ ಇಲ್ಲಾ ಸ್ಪೀಡ್ ಅಂದ್ಕೊಳ್ತಾರೆ, ಎರಡೂ ಅಲ್ಲ. ಅದು ಥ್ರಸ್ಟ್. ಅಂದ್ರೆ ದೋಣಿ ನಿಂತಲ್ಲೇ ಇರುವಾಗ ಪ್ರೊಪೆಲ್ಲರ್ ನೀರನ್ನ ಹಿಂದಕ್ಕೆ ದಬ್ಬಿದ್ರೆ ದೋಣಿ ಮೇಲೆ ಎಷ್ಟು ಬಲ ಬೀಳುತ್ತೆ ಅನ್ನೋ ಅಳತೆ. ದೋಣಿ ಹೊರಟು ಸ್ಪೀಡ್ ಹಿಡಿದ ಮೇಲೆ ಆ ಬಲ ಇಳೀತಾ ಹೋಗುತ್ತೆ.

ಹಾಗಾಗಿ 55ರ ಬದಲು 80 ತಗೊಂಡ್ರೆ ದೋಣಿ ಒಂದೂವರೆ ಪಟ್ಟು ಜೋರಾಗಿ ಓಡುತ್ತೆ ಅನ್ನೋ ಆಸೆ ಇಟ್ಕೋಬೇಡಿ. ಸ್ಪೀಡ್ ನಿರ್ಧಾರ ಆಗೋದು ಪ್ರೊಪೆಲ್ಲರಿನ ಪಿಚ್ಚು (ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಮುಂದೆ ಹೋಗುತ್ತೆ ಅನ್ನೋದು) ಮತ್ತೆ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದರ ಮೇಲೆ, ಈ ಮೋಟಾರುಗಳು ಇರೋದೇ ನಿಧಾನಕ್ಕೆ ಅಂತ, ಬಹುಪಾಲು ಗಂಟೆಗೆ 6ರಿಂದ 8 ಕಿ.ಮೀ. ಹತ್ರ ನಿಂತುಬಿಡ್ತವೆ. ಇದರ ಜೊತೆ ದೋಣಿಗೂ ಅದರದೇ ಒಂದು ಮಿತಿ ಇದೆ. ನೀರನ್ನ ಸೀಳ್ಕೊಂಡು ಹೋಗೋ ದೋಣಿ ತನ್ನ ಉದ್ದಕ್ಕೆ ತಕ್ಕಂತೆ ಒಂದು ಸ್ಪೀಡ್ ದಾಟೋಕೆ ತುಂಬಾ ಕಷ್ಟಪಡುತ್ತೆ, 12 ಅಡಿ ದೋಣಿಗೆ ಅದು ಸುಮಾರು ಗಂಟೆಗೆ 8.5 ಕಿ.ಮೀ., ಅಲ್ಲಿಂದಾಚೆ ಎಷ್ಟು ಕರೆಂಟ್ ಸುರಿದ್ರೂ ಮುಂದೆ ಏಳೋ ಅಲೆ ದೊಡ್ಡದಾಗುತ್ತೆ ಅಷ್ಟೇ. ಜಾಸ್ತಿ ಥ್ರಸ್ಟ್ ಯಾಕೆ ಬೇಕು ಅಂದ್ರೆ ಗಾಳಿ ಎದುರು, ಹರಿಯೋ ನೀರಿನ ಎದುರು, ಭಾರ ತುಂಬಿದ ದೋಣಿನ ಹಿಡಿತದಲ್ಲಿ ಇಟ್ಕೊಳ್ಳೋಕೆ.

ಈಗ ಎಷ್ಟು ಬೇಕು? ಎಲ್ಲರೂ ಹೇಳೋ ಲೆಕ್ಕ ಏನಂದ್ರೆ ಪ್ರತಿ 100 ಪೌಂಡ್ ತೂಕಕ್ಕೆ, ಅಂದ್ರೆ ಸುಮಾರು 45 ಕೆ.ಜಿ.ಗೆ, ಕಮ್ಮಿ ಅಂದ್ರೂ 2 ಪೌಂಡ್ ಥ್ರಸ್ಟ್. ತೂಕ ಅಂದ್ರೆ ಬರೀ ದೋಣಿ ತೂಕ ಅಲ್ಲ, ಇದನ್ನ ಎರಡು ಸಲ ಅಂಡರ್‌ಲೈನ್ ಮಾಡ್ಕೊಳ್ಳಿ, ದೋಣಿ, ಜನ, ಪೆಟ್ರೋಲ್ ಎಂಜಿನ್ ಇದ್ರೆ ಅದು, ಪೆಟ್ರೋಲು, ಬ್ಯಾಟರಿ, ಐಸ್ ಬಾಕ್ಸು, ಲಂಗರು, ಎಲ್ಲಾ ಸೇರಿ. ಒಂದು ಉದಾಹರಣೆ ಮಾಡೋಣ. ದೋಣಿ 130 ಕೆ.ಜಿ., ಎಂಜಿನ್ 45, ಪೆಟ್ರೋಲು 20, ಇಬ್ಬರು ಜನ 150, ಬ್ಯಾಟರಿ 28, ಉಳಿದ ಸಾಮಾನು 30, ಒಟ್ಟು 403 ಕೆ.ಜಿ. ಅದನ್ನ 45ರಿಂದ ಭಾಗಿಸಿದ್ರೆ 9ರ ಹತ್ರ, 2ರಿಂದ ಗುಣಿಸಿದ್ರೆ 18 ಪೌಂಡ್. ಹಾಗಂತ 18 ಪೌಂಡಿನ ಮೋಟಾರ್ ಹುಡುಕ್ಕೊಂಡು ಹೋಗ್ಬೇಡಿ, ಇದು ಗಾಳಿ ಇಲ್ಲದ ನಿಂತ ನೀರಲ್ಲಿ ದೋಣಿ ಕದಲೋಕೆ ಬೇಕಾದ ಕನಿಷ್ಠ. ನಾನಾದ್ರೆ ಇದನ್ನ ಡಬಲ್ ಮಾಡಿ ಅದರ ಮೇಲಿನ ಸೈಜ್ ನೋಡ್ತೀನಿ, ಅಂದ್ರೆ ಇಲ್ಲಿ 40 ಅಥವಾ 45. ದೊಡ್ಡ ಮೋಟಾರನ್ನ ಅರ್ಧ ಸ್ಪೀಡಲ್ಲಿ ಓಡಿಸೋದು ಸಣ್ಣ ಮೋಟಾರನ್ನ ಇಡೀ ದಿನ ಫುಲ್ಲಲ್ಲಿ ಹಿಂಡೋದಕ್ಕಿಂತ ವಾಸಿ.

ವೋಲ್ಟೇಜ್ ವಿಚಾರ ಇಲ್ಲೇ ಬರುತ್ತೆ. ಸುಮಾರು 55 ಪೌಂಡ್ ತನಕ 12 ವೋಲ್ಟ್, ಒಂದು ಬ್ಯಾಟರಿ ಸಾಕು. 70-80 ಪೌಂಡಿಗೆ 24 ವೋಲ್ಟ್, ಅಂದ್ರೆ ಎರಡು ಬ್ಯಾಟರಿ ಸೀರೀಸಲ್ಲಿ, ಒಂದರ ಪ್ಲಸ್ಸನ್ನ ಇನ್ನೊಂದರ ಮೈನಸ್ಸಿಗೆ ಜೋಡಿಸಿ. 100 ದಾಟಿದ್ರೆ 36 ವೋಲ್ಟ್, ಮೂರು ಬ್ಯಾಟರಿ. ಸಣ್ಣ ದೋಣಿಗೆ ಮೂರು ಬ್ಯಾಟರಿ ಹೊರಿಸೋದು ಅಂದ್ರೆ ಆ ಬ್ಯಾಟರಿಗಳನ್ನ ಎಳೆಯೋಕೇ ಇನ್ನಷ್ಟು ಥ್ರಸ್ಟ್ ಬೇಕಾಗುತ್ತೆ, 12 ವೋಲ್ಟಲ್ಲಿ ಮುಗಿಯೋ ಕೆಲಸ ಇದ್ರೆ ಅಲ್ಲೇ ಮುಗಿಸಿ.

ಬ್ಯಾಟರಿ ಹತ್ರ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಮೋಟಾರ್ ಸರಿ ಇದ್ದೂ ಮಧ್ಯಾಹ್ನದ ಹೊತ್ತಿಗೆ ಹುಟ್ಟು ಹಾಕ್ಕೊಂಡು ವಾಪಸ್ ಬರೋ ಜನ ಎಡವೋದು ಇಲ್ಲೇ. ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿ ಬೇರೆ, ಡೀಪ್ ಸೈಕಲ್ ಬ್ಯಾಟರಿ ಬೇರೆ. ಸ್ಟಾರ್ಟಿಂಗ್ ಬ್ಯಾಟರಿ ಒಳಗೆ ತೆಳು ಪ್ಲೇಟುಗಳು ಜಾಸ್ತಿ ಇರ್ತವೆ, ಎರಡು ಸೆಕೆಂಡ್ ಭಾರೀ ಕರೆಂಟ್ ಕೊಟ್ಟು ಸುಮ್ಮನಾಗೋಕೆ ಮಾಡಿದ್ದು. ಅದನ್ನ ಗಂಟೆಗಟ್ಟಲೆ ಹಿಂಡಿ ಖಾಲಿ ಮಾಡಿದ್ರೆ ಬೇಗ ಸಾಯುತ್ತೆ. ಡೀಪ್ ಸೈಕಲ್‌ನಲ್ಲಿ ಪ್ಲೇಟ್ ದಪ್ಪ, ನಿಧಾನಕ್ಕೆ ಖಾಲಿ ಆಗಿ ಮತ್ತೆ ತುಂಬಿಸ್ಕೊಳ್ಳೋಕೆ ತಡ್ಕೊಳುತ್ತೆ. ಆದ್ರೂ ಲೆಡ್ ಆಸಿಡ್ ಅಂದ್ಮೇಲೆ ಅರ್ಧಕ್ಕಿಂತ ಜಾಸ್ತಿ ಇಳಿಸ್ದೆ ಇದ್ರೆ ಬಾಳಿಕೆ ಬರುತ್ತೆ.

ಲೆಕ್ಕ ಹೀಗೆ: 45 ಪೌಂಡಿನ ಮೋಟಾರ್ ಫುಲ್ ಸ್ಪೀಡಲ್ಲಿ ಸುಮಾರು 40 ಆಂಪಿಯರ್ ಎಳೆಯುತ್ತೆ. 100 ಆಂಪಿಯರ್-ಅವರ್ (ಆಂಪಿಯರನ್ನ ಗಂಟೆಯಿಂದ ಗುಣಿಸಿದ ಲೆಕ್ಕ) ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಳಸಬಹುದಾದ್ದು ಅರ್ಧ, ಅಂದ್ರೆ 50. ಭಾಗಿಸಿದ್ರೆ ಒಂದೂಕಾಲು ಗಂಟೆ, ನಿಜಕ್ಕೂ ಅಷ್ಟೂ ಸಿಗಲ್ಲ, ಯಾಕಂದ್ರೆ ಜೋರಾಗಿ ಎಳೆದಷ್ಟೂ ಲೆಡ್ ಆಸಿಡ್ ಕೊಡೋ ಒಟ್ಟು ಕರೆಂಟೇ ಕಮ್ಮಿ ಆಗುತ್ತೆ. ಗಾಬರಿ ಬೇಡ, ಸ್ಪೀಡಿಗೂ ಪವರಿಗೂ ಇರೋ ಸಂಬಂಧ ನಮ್ಮ ಪರವಾಗಿದೆ. ನೀರಿನ ಪ್ರತಿರೋಧ ಸ್ಪೀಡಿನ ವರ್ಗದಷ್ಟು ಏರುತ್ತೆ, ಅದಕ್ಕೆ ಬೇಕಾಗೋ ಪವರ್ ಸುಮಾರಾಗಿ ಘನದಷ್ಟು ಏರುತ್ತೆ, ಅಂದ್ರೆ ಸ್ಪೀಡ್ ಅರ್ಧಕ್ಕೆ ಇಳಿಸಿದ್ರೆ ಪವರ್ ಎಂಟನೇ ಒಂದು ಭಾಗದ ಹತ್ರಕ್ಕೆ ಇಳಿಯುತ್ತೆ. 10 ಆಂಪಿಯರಲ್ಲಿ ಗಾಳ ಎಳ್ಕೊಂಡು ನಿಧಾನಕ್ಕೆ ಹೋಗ್ತಿದ್ರೆ ಅದೇ ಬ್ಯಾಟರಿ 5 ಗಂಟೆ ಬರುತ್ತೆ.

ಇಲ್ಲಿ ಒಂದು ಷರತ್ತು. ಹಳೇ ಥರದ 5 ಸ್ಪೀಡ್ ಸ್ವಿಚ್ಚಿನ ಮೋಟಾರ್ ನಿಧಾನಕ್ಕೆ ಓಡುವಾಗ ಮಿಕ್ಕ ಕರೆಂಟನ್ನ ರೆಸಿಸ್ಟರ್ ಕಾಯಿಲಲ್ಲಿ ಶಾಖ ಮಾಡಿ ಹಾಳು ಮಾಡುತ್ತೆ. ಪಿಡಬ್ಲ್ಯುಎಂ ಕಂಟ್ರೋಲ್ ಇರೋದು ಕರೆಂಟನ್ನ ಆನ್-ಆಫ್ ಆನ್-ಆಫ್ ಅಂತ ಕತ್ತರಿಸಿ ಬೇಕಾದಷ್ಟೇ ಕೊಡುತ್ತೆ. ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಇದನ್ನೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ, 5 ಪೌಂಡ್ ಜಾಸ್ತಿ ಥ್ರಸ್ಟಿಗಿಂತ ಇದರಿಂದ ಲಾಭ ಹೆಚ್ಚು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ರೆ ಕಥೆ ಬೇರೆ, ತೂಕ ಅರ್ಧಕ್ಕಿಂತ ಕಮ್ಮಿ, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಳಸ್ಕೋಬಹುದು, ವೋಲ್ಟೇಜ್ ಕೊನೇ ತನಕ ಹೆಚ್ಚುಕಮ್ಮಿ ಒಂದೇ ಸಮ ಇರುತ್ತೆ. ಬೆಲೆ ಮಾತ್ರ ಕಣ್ಣು ಬಿಡಿಸುತ್ತೆ, ಚಾರ್ಜರೂ ಅದಕ್ಕೆ ಹೊಂದೋದೇ ಬೇಕು.

ವೈರ್ ವಿಚಾರ ಚಿಕ್ಕದಾಗಿ. 40-50 ಆಂಪಿಯರ್ ಅಂದ್ರೆ ತಮಾಷೆ ಅಲ್ಲ, ತೆಳು ವೈರ್ ಬಿಸಿ ಆಗುತ್ತೆ, ವೋಲ್ಟೇಜ್ ದಾರೀಲೇ ಬಿದ್ದೋಗುತ್ತೆ. ಮ್ಯಾನುಯಲ್ ಹೇಳಿದಷ್ಟು ದಪ್ಪದ ವೈರು, ಬ್ಯಾಟರಿ ಪಕ್ಕದಲ್ಲೇ ಸರ್ಕ್ಯೂಟ್ ಬ್ರೇಕರ್. ಪ್ರೊಪೆಲ್ಲರಿಗೆ ಏನೋ ಸಿಕ್ಕಿ ಮೋಟಾರ್ ನಿಂತ್ರೆ ಕರೆಂಟ್ ಒಮ್ಮೆಲೇ ಏರುತ್ತೆ, ಆಗ ಕಾಪಾಡೋದು ಈ ಬ್ರೇಕರ್ರೇ.

ಮುಂದೆ ಕೂರಿಸೋದಾ ಹಿಂದೆ ಕೂರಿಸೋದಾ? ಕೈಗಾಡಿ ಎಳೆಯೋದಕ್ಕೂ ತಳ್ಳೋದಕ್ಕೂ ಇರೋ ವ್ಯತ್ಯಾಸ ಇದು. ದೋಣಿಯ ಮೂತಿಗೆ ಹಾಕೋ ಮೋಟಾರ್ ಎಳೆಯುತ್ತೆ, ಮೂತಿ ಯಾವ ಕಡೆ ತಿರುಗಿತೋ ಉಳಿದ ದೋಣಿ ಹಿಂದೆ ಬರುತ್ತೆ, ಗಾಳಿಯಲ್ಲಿ ಹಿಡಿತ ಚೆನ್ನಾಗಿರುತ್ತೆ. ಹಿಂಬದಿ ಹಲಗೆಗೆ ಹಾಕೋದು ತಳ್ಳುತ್ತೆ, ಗಾಳಿ ಬಂದಾಗ ಹಗುರಾದ ಮೂತಿ ಪಕ್ಕಕ್ಕೆ ತಿರುಗ್ತಾನೇ ಇರುತ್ತೆ. ಆದ್ರೆ ಹಿಂದಿನದು ಅಗ್ಗ, ಹಗುರ, ಎರಡು ಕ್ಲ್ಯಾಂಪ್ ಬಿಗಿದ್ರೆ ಮುಗೀತು. 10-12 ಅಡಿ ದೋಣಿಗೆ, ಮುಂದೆ ಸಮತಟ್ಟು ಜಾಗ ಇಲ್ದೋರಿಗೆ ಅದೇ ಸಾಕು. ಕಾಲಲ್ಲಿ ತಿರುಗಿಸೋದು, ರಿಮೋಟು, ಜಿಪಿಎಸ್ ಹಿಡಿದು ಒಂದೇ ಜಾಗದಲ್ಲಿ ದೋಣಿ ನಿಲ್ಲಿಸೋದು, ಇವೆಲ್ಲ ಹೆಚ್ಚಾಗಿ ಮೂತಿಗೆ ಹಾಕೋ ಮಾಡೆಲ್ಲುಗಳಲ್ಲಿ ಸಿಗ್ತವೆ.

ಶಾಫ್ಟ್ ಅಂದ್ರೆ ಮೋಟಾರನ್ನ ನೀರೊಳಗೆ ಇಳಿಸಿ ಹಿಡಿಯೋ ಉದ್ದ ಕೊಳವೆ, ಅದರ ಉದ್ದವನ್ನ ಅಂದಾಜಲ್ಲಿ ತಗೋಬೇಡಿ. ದೋಣಿಗೆ ಮಾಮೂಲಿ ಭಾರ ಹಾಕಿ, ನೀರಲ್ಲಿ ಇಟ್ಟು, ಮೋಟಾರ್ ಕೂರೋ ಜಾಗದಿಂದ ನೀರಿನ ಮೇಲ್ಮೈ ತನಕ ಟೇಪ್ ಹಿಡಿದು ಅಳೀರಿ. ಅದಕ್ಕೆ 20 ಇಂಚು ಸೇರಿಸಿ. 12 ಇಂಚು ಬಂದ್ರೆ 32 ಆಯ್ತು, 30 ಸಾಕಾಗಲ್ಲ, 36 ತಗೊಳ್ಳಿ. ಮೂತಿಗೆ ಹಾಕೋದಾದ್ರೆ, ಅಲೆ ಇರೋ ನೀರಾದ್ರೆ, ಇನ್ನೂ 5 ಇಂಚು ಸೇರಿಸೋದು ಒಳ್ಳೇದು, ಯಾಕಂದ್ರೆ ಮೂತಿ ಮೇಲೆದ್ದಾಗ ಪ್ರೊಪೆಲ್ಲರ್ ಗಾಳಿ ಕುಡಿದು ಬರೀ ಸದ್ದು ಮಾಡುತ್ತೆ, ದೋಣಿ ಹೋಗಲ್ಲ, ಮೀನೂ ಓಡಿಹೋಗುತ್ತೆ. ಉದ್ದ ಜಾಸ್ತಿ ಆದ್ರೆ ಶಾಫ್ಟನ್ನ ಬಿಗಿದಿರೋ ಕಾಲರ್ ಸಡಿಲಿಸಿ ಮೇಲೆ ಎಳ್ಕೋಬಹುದು, ಕಮ್ಮಿ ಆದ್ರೆ ಏನೂ ಮಾಡೋಕಾಗಲ್ಲ.

ಉಪ್ಪುನೀರಿಗೆ ಹೋಗೋರು ಉಪ್ಪುನೀರಿನದೇ ಮಾಡೆಲ್ ತಗೊಳ್ಳಿ, ಅದರಲ್ಲಿ ತುಕ್ಕು ತಡೆಯೋ ಕೋಟಿಂಗ್ ಇರುತ್ತೆ, ಜೊತೆಗೆ ಮೋಟಾರಿನ ಬದಲು ತಾನು ಸವೆಯೋ ಲೋಹದ ಆನೋಡ್ ಇರುತ್ತೆ, ಅದು ಸವೆದಾಗ ಬದಲಾಯಿಸ್ಬೇಕು.

ಕೊನೇದಾಗಿ, ಕೊಳ್ಳೋ ಮುಂಚೆ ಅಂಗಡೀಲೇ ಪ್ರೊಪೆಲ್ಲರ್ ಬಿಚ್ಚೋದು ಹೇಗೆ ಅಂತ ಕೇಳಿ ನೋಡ್ಕೊಳ್ಳಿ. ನಟ್ ಬಿಚ್ಚಿ, ಪ್ರೊಪೆಲ್ಲರ್ ಎಳೆದು, ಅಡ್ಡ ಇರೋ ಪಿನ್ ತೆಗೆದ್ರೆ ಅದರ ಹಿಂದೆ ಪ್ರೊಪೆಲ್ಲರ್ ತಿರುಗಿಸೋ ಸಣ್ಣ ಶಾಫ್ಟಿಗೆ ಗಾಳದ ನೈಲಾನ್ ದಾರ ಸುತ್ಕೊಂಡಿದೆಯಾ ಅಂತ ಕಾಣುತ್ತೆ. ಹೊರಗಿಂದ ಕಾಣೋದೇ ಇಲ್ಲ, ಆದ್ರೆ ಅದು ತಿರುಗಿ ತಿರುಗಿ ರಬ್ಬರ್ ಸೀಲನ್ನ ಕೊಯ್ಯುತ್ತೆ, ನೀರು ಒಳಗೆ ಇಳಿದು ಮೋಟಾರ್ ಹೋಗುತ್ತೆ. ಒಂದು ಸ್ಪೇರ್ ಪಿನ್, ಒಂದು ನಟ್, ಅದಕ್ಕಾಗೋ ಸ್ಪ್ಯಾನರ್ ದೋಣೀಲಿ ಇಟ್ಕೊಂಡಿರಿ, ಪಿನ್ ನೀರಿಗೆ ಬಿದ್ರೆ ಹುಡುಕೋಕೆ ಆಗಲ್ಲ.