ಮಳೆಯೂ ಕೈಕೊಟ್ಟಿತು, ಗೆಳೆಯನೂ ಕೈಕೊಟ್ಟ

ದಾವಣಗೆರೆಯಲ್ಲಿ ಸ್ಪೋಕನ್ ಇಂಗ್ಲಿಷ್ ಪಾಠ ಹೇಳುವ ನನ್ನ ಕಿವಿಗೆ ದಿನಾ ಬೀಳುವ ವಾಕ್ಯ, ‘ಐ ಡಿಸಪಾಯಿಂಟೆಡ್ ಸರ್’. ಹರಿಹರ, ಜಗಳೂರು ಕಡೆಯಿಂದ ಬರುವ ಹುಡುಗರು ಹೇಳಹೊರಟಿದ್ದು ‘ನನಗೆ ನಿರಾಸೆಯಾಯ್ತು’ ಅಂತ. ಆದರೆ ಅದರ ಅರ್ಥ ‘ನಾನು ನಿರಾಸೆ ಮಾಡಿದೆ’ ಅಂತಾಗುತ್ತದೆ. ಯಾರಿಗೆ ಮಾಡಿದೆಯಪ್ಪಾ? ಕನ್ನಡದಲ್ಲಿ ನಿರಾಸೆ ತನ್ನಷ್ಟಕ್ಕೆ ತಾನೇ ‘ಆಗುತ್ತದೆ’. ಇಂಗ್ಲಿಷಿನ ಡಿಸಪಾಯಿಂಟ್ ಸಕರ್ಮಕ. ಅದನ್ನು ಒಬ್ಬರು ಇನ್ನೊಬ್ಬರಿಗೆ ಮಾಡಬೇಕು. ಹಾಗಾಗಿ ‘ಐ ವಾಸ್ ಡಿಸಪಾಯಿಂಟೆಡ್’ ಸರಿ. ಆಸೆಪಟ್ಟು ಹೋದಾಗ ಬೆಣ್ಣೆದೋಸೆ ಹಸಿಬಿಸಿ ಇದ್ದರೆ ದೋಸೆ ಡಿಸಪಾಯಿಂಟಿಂಗ್, ತಿಂದವರು ಡಿಸಪಾಯಿಂಟೆಡ್. ಸಂದರ್ಶನದಲ್ಲಿ ಯಾರಾದರೂ ‘ಐ ಆಮ್ ಡಿಸಪಾಯಿಂಟಿಂಗ್’ ಅಂದರೆ, ತಾನೇ ಕಳಪೆ ಅಂತ ಬರೆದುಕೊಟ್ಟ ಹಾಗೆ.

ಇದಕ್ಕಿಂತ ಸ್ವಾರಸ್ಯ ಇರುವುದು ನಮ್ಮ ‘ಕೈಕೊಡು’ ಪದದಲ್ಲಿ. ಮೆಕ್ಕೆಜೋಳ ಬಿತ್ತಿದ ಮೇಲೆ ಮಳೆ ಕೈಕೊಡುತ್ತದೆ, ಚಿತ್ರದುರ್ಗದ ದಾರಿಯಲ್ಲಿ ಬೈಕ್ ಕೈಕೊಡುತ್ತದೆ, ಜಾಮೀನು ಹಾಕುತ್ತೇನೆ ಅಂದ ಗೆಳೆಯ ಕೈಕೊಡುತ್ತಾನೆ, ಪ್ರೀತಿಸಿದವಳೂ ಕೈಕೊಡುತ್ತಾಳೆ. ನಮಗೆ ಒಂದೇ ಪದ ಸಾಕು, ಇಂಗ್ಲಿಷಿಗೆ ಸಾಲದು. ಮಳೆಗೆ ‘ದ ರೇನ್ಸ್ ಫೇಲ್ಡ್’, ಬೈಕಿಗೆ ‘ಬ್ರೋಕ್ ಡೌನ್’. ಪ್ರೀತಿಯಲ್ಲಿ ಬಿಟ್ಟುಹೋದರೆ ‘ಜಿಲ್ಟ್’, ಆಡುಮಾತಿನಲ್ಲಿ ‘ಡಂಪ್’. ಗೆಳೆಯನಿಗೆ ಮಾತ್ರ ‘ಹಿ ಲೆಟ್ ಮಿ ಡೌನ್’. ‘ಮಿ’ ನಡುವೆಯೇ ಬರಬೇಕು, ‘ಲೆಟ್ ಡೌನ್ ಮಿ’ ತಪ್ಪು. ಡಿಸಪಾಯಿಂಟ್ ಆಗಲು ಏನನ್ನಾದರೂ ನಿರೀಕ್ಷಿಸಿದ್ದರೆ ಆಯಿತು, ಪರೀಕ್ಷೆಯ ಫಲಿತಾಂಶವೂ ಡಿಸಪಾಯಿಂಟ್ ಮಾಡಬಹುದು. ಲೆಟ್ ಡೌನ್ ಅನ್ನಬೇಕಾದರೆ ನೀವು ಯಾರನ್ನೋ ನೆಚ್ಚಿಕೊಂಡಿರಬೇಕು. ಗೆಳೆಯ ಬೇಕೆಂದೇ ನಂಬಿಸಿ ಮೋಸ ಮಾಡಿದ್ದರೆ ಅದೂ ಸಾಲದು, ‘ಬಿಟ್ರೇ’ (betray) ಅನ್ನಬೇಕು.

ಡಿಸಪಾಯಿಂಟ್ ಕಾಗುಣಿತಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅಪಾಯಿಂಟ್ ಹಿಂದೆ ಡಿಸ್ ಹಚ್ಚಿ: ಎಸ್ ಒಂದು, ಪಿ ಎರಡು. ಫ್ರೆಂಚ್ ಮೂಲದ ಈ ಪದಕ್ಕೆ ಹಿಂದೆ ಹುದ್ದೆಯಿಂದ ಕಿತ್ತುಹಾಕು ಅನ್ನುವ ಅರ್ಥವೇ ಇತ್ತು.

ಆಫೀಸಿನ ಮೇಲ್‌ ಬರೆಯುವವರು ಗಮನಿಸಬೇಕಾದ್ದು ‘ವಿತ್’ ಮತ್ತು ‘ಇನ್’. ಕೊರಿಯರ್ ತಡವಾದರೆ ‘ಡಿಸಪಾಯಿಂಟೆಡ್ ವಿತ್ ದ ಸರ್ವಿಸ್’ ಸಾಕು. ಸಿಟ್ಟಿದ್ದರೂ ಮರ್ಯಾದೆ ಉಳಿಯುತ್ತದೆ. ‘ಐ ಆಮ್ ಡಿಸಪಾಯಿಂಟೆಡ್ ಇನ್ ಯೂ’ ಅಂದರೆ ಬೇರೆಯೇ ತೂಕ. ಕೆಲಸದ ಮೇಲಿನ ದೂರು ಅಲ್ಲಿಗೆ ಮನುಷ್ಯನ ಮೇಲೆ ಹೋಗುತ್ತದೆ, ‘ನೀನು ಇಂಥವನು ಅಂದ್ಕೊಂಡಿರಲಿಲ್ಲ’ ಅನ್ನುವ ಧ್ವನಿ. ಅಪ್ಪ ಮಗನಿಗೆ ಹೇಳಬಹುದು. ಕಿರಿಯ ಸಹೋದ್ಯೋಗಿಗೆ, ಅದೂ ನಾಲ್ಕು ಜನರಿಗೆ ಸಿಸಿ ಹಾಕಿ, ಬರೆಯಬೇಡಿ.