‘ಈ ಕೆಲಸದಲ್ಲಿ ನಾಯಿ ಕಡಿತ ಮಾಮೂಲಿ’: ಈ ಮಾತು ಬಂದದ್ದು ಎಲ್ಲಿಂದ?

ನಾಯಿಗಳ ಕೂದಲು, ಉಗುರು ಕತ್ತರಿಸಿ ಅಂದಗೊಳಿಸುವ ಗ್ರೂಮರ್‌ಗಳು, ನಾಯಿಗಳನ್ನು ಕೆಲ ದಿನ ಇಟ್ಟು ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ದುಡಿಯುವವರು, ಪಶುವೈದ್ಯರ ಸಹಾಯಕರು. ಇವರಲ್ಲಿ ಎಷ್ಟೋ ಜನರ ಕೈಯಲ್ಲಿ ಹಲ್ಲಿನ ಗುರುತು ಕಾಣುತ್ತದೆ. ಕೇಳಿದರೆ ‘ಇದೆಲ್ಲ ಮಾಮೂಲಿ’ ಅನ್ನುತ್ತಾರೆ. ಬೇರೆ ಕಡೆ ಯಂತ್ರಕ್ಕೆ ಕೈ ಸಿಕ್ಕಿದರೆ ಅಪಘಾತ ಅನ್ನುತ್ತೇವೆ, ಅಲ್ವಾ? ಇಲ್ಲಿ ಮಾತ್ರ ಯಾಕೆ ಹೀಗೆ?

ಒಂದು ಬೇರು 1947ರಲ್ಲಿದೆ. ಕೂಡಿಹಾಕಿದ್ದ ತೋಳಗಳನ್ನು ಗಮನಿಸಿದ ಪ್ರಾಣಿ ನಡವಳಿಕೆಯ ಸಂಶೋಧಕ ರುಡಾಲ್ಫ್ ಶೆಂಕೆಲ್, ಅವು ಮೇಲುಗೈಗಾಗಿ ಸೆಣಸುತ್ತವೆ ಎಂದು ಬರೆದರು. ಜನ ಅದನ್ನು ಮನೆ ನಾಯಿಗೂ ಅಂಟಿಸಿದರು. ಗುರ್ ಅಂದರೆ ಸೊಕ್ಕು, ಅದುಮಿ ಹಿಡಿಯಬೇಕು ಎಂಬ ಪಾಠ ಹಬ್ಬಿತು. ತೋಳಗಳ ಮೇಲುಗೈ ಸೆಣಸಾಟದ ಮಾತನ್ನು ಮೊದಲು ತಾವೂ ಹರಡಿದ್ದ ತೋಳ ತಜ್ಞ ಡೇವಿಡ್ ಮೀಚ್ 1999ರಲ್ಲಿ ತಿದ್ದಿದರು. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಅಷ್ಟೇ ಎಂದರು.

ಅಷ್ಟರಲ್ಲಿ ಹಾನಿ ಆಗಿತ್ತು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಏಟು ಬಿದ್ದರೆ ಸದ್ದು ನಿಲ್ಲಬಹುದು, ಹೆದರಿಕೆ ನಿಲ್ಲುವುದಿಲ್ಲ. ಮುಂದೊಂದು ದಿನ ಉಗುರು ಕತ್ತರಿಸುವಾಗ ಸುಮ್ನೆ ನಿಂತಿದ್ದ ನಾಯಿ ತಟ್ಟನೆ ಬಾಯಿ ಹಾಕುತ್ತದೆ. ಏಟು ಕೊಟ್ಟವರು ಯಾರೋ, ಕಡಿಸಿಕೊಂಡವರು ಗ್ರೂಮರ್.

ಕಾನೂನೂ ಇವರ ಕೈ ಹಿಡಿದದ್ದು ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ನಾಯಿ ಕಚ್ಚಿದರೆ ಮಾಲೀಕರೇ ಹೊಣೆ ಎಂಬ ಕಾಯ್ದೆ 1931ರಿಂದ ಇದೆ. ಆದರೆ ಪಶುವೈದ್ಯರ ಬಳಿ ದುಡಿಯುವವರಿಗೆ ಅದು ಸಾಮಾನ್ಯವಾಗಿ ಅನ್ವಯಿಸದು ಎಂದು 1985ರಲ್ಲಿ ಕೋರ್ಟ್ ಹೇಳಿತು. ಅಪಾಯ ಗೊತ್ತಿದ್ದೇ ಸೇರಿದ್ದೀರಿ ಎಂಬ ವಾದ. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೋರ್ಡಿಂಗ್ ಕೆಲಸಗಾರರನ್ನೂ ಅದೇ ಸಾಲಿಗೆ ಸೇರಿಸಿತು. ನಾಯಿಯ ಕಡಿಯುವ ಚಾಳಿಯನ್ನು ಮಾಲೀಕರು ಮುಚ್ಚಿಟ್ಟಿದ್ದರೆ ಮಾತು ಬೇರೆ. ಸಂಬಳಕ್ಕಿರುವವರಿಗೆ ಕೆಲಸ ಕೊಟ್ಟವರ ವಿಮೆಯಾದರೂ ಇದೆ. ಮನೆಮನೆಗೆ ಹೋಗಿ ಸ್ವಂತವಾಗಿ ದುಡಿಯುವವರಿಗೆ? ನನಗೆ ಇದು ನ್ಯಾಯ ಅನ್ನಿಸುವುದಿಲ್ಲ.

ರೇಬೀಸ್ ಲಸಿಕೆಯನ್ನು ಲೂಯಿ ಪಾಶ್ಚರ್ ಮನುಷ್ಯರಿಗೆ ಕೊಟ್ಟದ್ದು 1885ರಲ್ಲಿ. ಅದರಿಂದ ದೊಡ್ಡ ಭಯ ತಗ್ಗಿತು, ಸಣ್ಣ ಗಾಯದ ಬಗ್ಗೆ ಉದಾಸೀನವೂ ಉಳಿಯಿತು. ಕೈಯಲ್ಲಿ ಚರ್ಮದ ಕೆಳಗೇ ಕೀಲು, ಸ್ನಾಯುರಜ್ಜು ಇರುತ್ತವೆ. ಹಲ್ಲಿನ ಒಂದು ತೂತಿನಿಂದ ಸೋಂಕು ಒಳಗಿಳಿದರೆ ಒಂದೇ ದಿನದಲ್ಲಿ ಕೈ ಊದಬಹುದು. ಬೆರಳು ಮಡಚಲಾಗದವರು ಕತ್ತರಿ ಹಿಡಿಯುವುದು ಹೇಗೆ? ಕಚ್ಚಿದ ಕೂಡಲೇ 15 ನಿಮಿಷ ಸೋಪು, ನೀರಿನಲ್ಲಿ ತೊಳೆದು, ಅವತ್ತೇ ವೈದ್ಯರಿಗೆ ತೋರಿಸಬೇಕು.

ಈಗ ಕೆಲವು ಕಡೆ ಹೆದರಿದ ನಾಯಿಯನ್ನು ಅದುಮುವ ಬದಲು ಕೆಲಸ ಅರ್ಧಕ್ಕೆ ನಿಲ್ಲಿಸುತ್ತಾರೆ. ಬಾಯಿಕುಕ್ಕೆಯನ್ನು ಮೊದಲೇ ರೂಢಿ ಮಾಡಿಸುತ್ತಾರೆ. ನಾಯಿ ಬಿಡಲು ಬಂದವರನ್ನು ‘ಹಿಂದೆ ಯಾರಿಗಾದರೂ ಕಚ್ಚಿದೆಯಾ?’ ಎಂದು ಕೇಳಿ, ಉತ್ತರವನ್ನು ಬರೆದಿಡುತ್ತಾರೆ.